ಬ್ರೇಕಿನ ಮೇಲಿನ ಕಾಲು

ಮಂಗಳವಾರ, ತಾರೀಖು ಹನ್ನೆರಡು.

ದಿನಾ ರಾತ್ರಿ ಬರೆದರೆ ಸಿಟ್ಟು ಇಳಿಯುತ್ತದೆ ಅಂತಾರೆ ಡಾಕ್ಟರು. ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿದವನ ಕೈಗೆ ಪೆನ್ನು ಕೊಟ್ಟರೆ ಸಿಟ್ಟು ಏರುತ್ತದೆ, ಇಳಿಯುವುದಿಲ್ಲ.

ಭಾನುವಾರ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಬೇಕು. ಹೆಸರು ಬರೆಸಿದ್ದು ಮಗಳು, ಆಸೆ ಮಾತ್ರ ನನ್ನದೇ, ಹಳೆಯದು. ಇವತ್ತು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದೆವು. ಜೋರಾಗಿ ಬಂದು ಸುಣ್ಣದ ಗೆರೆ ಹತ್ತಿರ ಒಮ್ಮೆಲೇ ಬ್ರೇಕ್ ತುಳಿಯಬೇಕು, ಅಷ್ಟೇ. ಕಾಲು ಮಾತು ಕೇಳಲಿಲ್ಲ.

"ತುಳಿಯಪ್ಪಾ! ಸವರ್ತಾ ಇದ್ದೀಯಲ್ಲ, ಅದೇನು ಬೆಕ್ಕಾ?" ಅಂದಳು ಪಕ್ಕದಲ್ಲಿ ಕೂತಿದ್ದ ಮಗಳು.

"ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಕಾಲಮ್ಮಾ ಇದು. ನಿಂತವರು ಒಬ್ಬರೂ ಮುಗ್ಗರಿಸಿಲ್ಲ."

"ಇಲ್ಲಿ ಯಾರಪ್ಪಾ ನಿಂತಿರೋರು?"

ಬಾಯಿ ಮುಚ್ಚಿಕೊಂಡು ಇಳಿ ಅಂದೆ. ಇಳಿದಳು. ಒಬ್ಬನೇ ಹೋಗಿ ತುಳಿದೆ. ಕಾರು ಗೆರೆಯ ಮೇಲೆ ಗಕ್ಕನೆ ನಿಂತಿತು. ಮೂರು ಸಲವೂ ಹಾಗೇ. ಅವಳು ಹತ್ತಿದಳು, ಮತ್ತೆ ಅದೇ ಕಥೆ. ಪಕ್ಕದಲ್ಲಿ ಒಂದು ಜೀವ ಕೂತರೆ ಕಾಲಿಗೆ ಗೊತ್ತಾಗಿಬಿಡುತ್ತದೆ. ಅದು ತಪ್ಪು ಅಂತ ನನಗೇನೂ ಅನ್ನಿಸುತ್ತಿಲ್ಲ. ಮನೆಗೆ ಬರುವಾಗ ಬೇಜಾರೂ ಇರಲಿಲ್ಲ, ಕಾಲಿನ ಮೇಲೆ ಸ್ವಲ್ಪ ಪ್ರೀತಿಯೇ ಬಂತು.

ಆದರೆ ಹೊಸಬರ ಪಕ್ಕ ತರಬೇತುದಾರ ಕೂರಲೇಬೇಕಂತೆ. ಬ್ರೇಕ್ ಸರಿಯಾಗಿ ತುಳಿಯದಿದ್ದರೆ ಮೊದಲ ಸುತ್ತಿಗೇ ಇಳಿಸುತ್ತಾರಂತೆ. ನಾಳೆ ಬೆಳಿಗ್ಗೆ ಟ್ರ್ಯಾಕಿನವರಿಗೆ ಫೋನು ಮಾಡಿ ಒಂದೇ ಮಾತು ಕೇಳುತ್ತೇನೆ. ನನ್ನೊಬ್ಬನನ್ನೇ ಓಡಿಸಲು ಬಿಡುತ್ತೀರೋ, ಇಲ್ಲವೋ? ಶುಕ್ರವಾರ ಸಂಜೆಯೊಳಗೆ ಹೇಳಿ.