ಉಬ್ಬಿದ ಬಾಗಿಲು

ಮಾರ್ಚ್ 4, ಬೆಳಿಗ್ಗೆ 7
ಮತ್ತೆ ಟಾರ್ಚು. ಗಂಟೆಗೊಂದು ಸಲ ನರ್ಸಮ್ಮ ಮಗಳ ರೆಪ್ಪೆ ಎತ್ತಿ ಬೆಳಕು ಬಿಡುತ್ತಾರೆ. ಪಾಪೆ ಕುಗ್ಗಬೇಕು. ಕುಗ್ಗಿತು. ಬರೆದುಕೊಂಡರು. ನಾನೂ ಉಸಿರು ಬಿಟ್ಟೆ.
ತಲೆಬುರುಡೆಯೊಳಗೆ ಸಣ್ಣ ತಂತಿ ಇಟ್ಟಿದ್ದಾರೆ. ಒಳಗಿನ ಒತ್ತಡ ಪರದೆ ಮೇಲೆ ಕಾಣುತ್ತದೆ. ಇಪ್ಪತ್ತು ದಾಟಬಾರದಂತೆ. ಈಗ ಹತ್ತೊಂಬತ್ತು.
ಊರಿಗೆಲ್ಲ ಬಾಗಿಲು ಮಾಡಿಕೊಟ್ಟ ಬಡಗಿ ನಾನು. ನಮ್ಮ ಮೆಟ್ಟಿಲಿಗೆ ರೇಲಿಂಗ್ ಹಾಕಲು ಮಾತ್ರ ಪುರುಸೊತ್ತಿಲ್ಲ. ಹೆಂಡತಿ ಬೈದೂ ಬೈದೂ ಸಾಕಾಗಿದ್ದಳು. ಅವಳು ತೀರಿಹೋಗಿ ಹನ್ನೊಂದು ತಿಂಗಳು. ಮೊನ್ನೆ ಮಗಳು, ನಮ್ಮ ಚಿನಕುರಳಿ, ಆ ಮೆಟ್ಟಿಲಿಂದಲೇ ಬಿದ್ದಳು.

ಮಧ್ಯಾಹ್ನ
ಡಾಕ್ಟರು ಸ್ಕ್ಯಾನ್ ತೋರಿಸಿದರು. ಮಿದುಳು ಊದಿಕೊಂಡಿದೆ. ನಡುವೆ ಕಪ್ಪಗೆ ಕಾಣಬೇಕಾದ ನೀರಿನ ಜಾಗ ಒತ್ತಿಹೋಗಿದೆ.
"ಮಳೆಗಾಲದಲ್ಲಿ ಬಾಗಿಲು ಉಬ್ಬಿದ್ರೆ ಏನ್ಮಾಡ್ತೀರಿ?"
"ಕೀಸುಳಿ ಹಾಕಿ ಅಂಚು ಹೆರೀತೀನಿ."
"ಇಲ್ಲಿ ಬಾಗಿಲು ಮುಟ್ಟೋ ಹಾಗಿಲ್ಲ. ಒತ್ತಡ ಇಳೀದಿದ್ರೆ ಚೌಕಟ್ಟೇ ಸ್ವಲ್ಪ ಬಿಚ್ಚಬೇಕಾಗತ್ತೆ... ಬುರುಡೆ ಮೂಳೆ. ನಾಡಿದ್ದು ಇನ್ನೊಂದು ಸ್ಕ್ಯಾನ್. ನೋಡೋಣ."
ತಲೆಯಾಡಿಸಿದೆ. ಕೇಳಬೇಕಾದ್ದನ್ನೆಲ್ಲ ಕೇಳುತ್ತಿದ್ದವಳು ಹೆಂಡತಿ.

ಮಾರ್ಚ್ 5, ಸಂಜೆ
ಬುದ್ಧಿಗೇಡಿ ನಾನು. ಹೆಂಡತಿಯ ಹಳೇ ಶಾಲು ಮಡಚಿ ಮಗಳ ತಲೆ ಕೆಳಗಿಟ್ಟೆ. ಅಮ್ಮನ ವಾಸನೆ ಸಿಗಲಿ ಅಂತ. ಹತ್ತೊಂಬತ್ತು... ಇಪ್ಪತ್ತಮೂರು... ಇಪ್ಪತ್ತಾರು. ಯಂತ್ರ ಕೂಗಿತು. ನರ್ಸಮ್ಮ ಓಡಿಬಂದು ಶಾಲು ತೆಗೆದರು.
"ಕತ್ತು ಓರೆಯಾದ್ರೆ ತಲೆಯಿಂದ ರಕ್ತ ಇಳಿಯಲ್ಲ ಯಜಮಾನ್ರೇ! ಬಡಗಿ ಅಂತೀರಿ, ನೆಟ್ಟಗೆ ಇಡೋಕೆ ಬರಲ್ವಾ?"
ಕತ್ತು ನೇರ ಮಾಡಿದರು. ಒತ್ತಡ ಇಳಿಯಲು ಇಪ್ಪತ್ತು ನಿಮಿಷ. ನನಗದು ಇಪ್ಪತ್ತು ವರ್ಷದ ಹಾಗಿತ್ತು.
ನನ್ನ ಮುಖ ನೋಡಿ ಮೆತ್ತಗಾದರು. "ಕಾಲಿಗೆ ಹೊದಿಸಿ. ಅದಕ್ಕೇನೂ ಅಡ್ಡಿಯಿಲ್ಲ."
ಅಕ್ಕ ಫೋನ್ ಮಾಡಿದ್ದಳು. ಶಾಲಿನ ವಿಷಯ ಹೇಳಲಿಲ್ಲ.

ಮಾರ್ಚ್ 6, 11 ಗಂಟೆ
ಸ್ಕ್ಯಾನ್ ಆಯಿತು. ನಡುವೆ, ಒತ್ತಿಹೋಗಿದ್ದ ನೀರಿನ ಜಾಗದಲ್ಲಿ, ಕಪ್ಪು ಗೆರೆ ಕಂಡಿದೆ. ಮರದ ಮೇಲೆ ಪೆನ್ಸಿಲ್ ಗುರುತು ಹಾಕಿದಷ್ಟು ತೆಳು. ಆದರೂ ಇದೆ.
"ಚೌಕಟ್ಟು ಸದ್ಯಕ್ಕೆ ಹಾಗೇ ಇರಲಿ," ಅಂದರು ಡಾಕ್ಟರು.
ಹೆಂಡತಿಗೆ ಹೇಳೋಣ ಅಂತ ಪಕ್ಕಕ್ಕೆ ತಿರುಗಿದೆ. ಖಾಲಿ ಕುರ್ಚಿ.

ಮಾರ್ಚ್ 10, ಬೆಳಿಗ್ಗೆ
ತಂತಿ ತೆಗೆದಿದ್ದಾರೆ. ಇಷ್ಟು ದಿನ ಕೊಡುತ್ತಿದ್ದ ನಿದ್ದೆ ಔಷಧಿ ನಿನ್ನೆಯಿಂದ ಕಡಿಮೆ. ಏಳುತ್ತಾಳೋ, ಎದ್ದರೂ ಗುರುತು ಹಿಡಿಯುತ್ತಾಳೋ — ಯಾರೂ ಬಾಯಿ ಬಿಡುತ್ತಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ರೇಲಿಂಗಿನ ಅಳತೆ ಬರೆಯುತ್ತಿದ್ದೇನೆ. ಎತ್ತರ, ಚಿನಕುರಳಿಯ ಭುಜಕ್ಕಿಂತ ಒಂದು ಗೇಣು ಮೇಲೆ. ಪಟ್ಟಿಗಳ ನಡುವಿನ ಸಂದು ನಾಲ್ಕು ಬೆರಳು...
ನರ್ಸಮ್ಮ ಬಾಗಿಲಲ್ಲಿ. "ಬನ್ನಿ ಯಜಮಾನ್ರೇ, ಕಣ್ಣು ಬಿಟ್ಟಿದಾಳೆ. ಯಾರನ್ನೋ ಹುಡುಕ್ತಿದಾಳೆ."
ಅಮ್ಮನನ್ನೇ ಇರಬೇಕು. ಇರುವುದು ನಾನೊಬ್ಬ. ಹೋಗಿ ಅವಳ ಕಣ್ಣೆದುರು ನಿಲ್ಲುತ್ತೇನೆ.