ನಮ್ಮ ರೆಕಾರ್ಡಿನ ಸರಿಯಾದ ವೇಗ

ಅಪ್ಪಾ,

ನಿನ್ನ ರೆಕಾರ್ಡ್ ಪ್ಲೇಯರ್ ಇವತ್ತು ರಿಪೇರಿಯಾಯಿತು. ನಮ್ಮ ಮನೆಯಲ್ಲಿದ್ದ ಒಂದೇ ಒಂದು ರೆಕಾರ್ಡನ್ನು, ಅದೇ ಆ ಐರ್ಲೆಂಡ್ ಕಡೆಯ ಕೆಲ್ಟಿಕ್ ರಾಕ್ ಆಲ್ಬಮ್ಮನ್ನು, ರಿಪೇರಿಯವನು ಹಾಕಿ ತೋರಿಸಿದ. ನಾನು ಗಾಬರಿಯಾಗಿ, "ಇನ್ನೂ ಏನೋ ಕೆಟ್ಟಿದೆ, ತುಂಬಾ ನಿಧಾನ ಹೋಗ್ತಿದೆ" ಅಂದೆ. ಅವನು ನಕ್ಕುಬಿಟ್ಟ.

"ಇದೇ ಸರಿಯಾದ ಸ್ಪೀಡು ಮೇಡಂ. ಸ್ಪೀಡಿನ ಗುಂಡಿ, ಜೋರಾಗಿ ತಿರುಗೋ ಸಣ್ಣ ರೆಕಾರ್ಡಿನ ಸ್ಪೀಡಿಗೆ ಕಚ್ಕೊಂಡಿತ್ತು. ಇಷ್ಟು ವರ್ಷ ಈ ಹಾಡನ್ನ ಓಡಿಸ್ಕೊಂಡೇ ಕೇಳಿದ್ದೀರಾ?"

ಕೇಳಿದ್ದೆವಲ್ಲ! ನೀನು ಮೆಚ್ಚಿ 'ಕೋಗಿಲೆಯಮ್ಮ' ಅಂತ ಹೆಸರಿಟ್ಟಿದ್ದ ಗಾಯಕಿ ಗಂಡಸು ಕಣಪ್ಪಾ. ಒಳ್ಳೇ ದಪ್ಪ ದನಿ. ಕಿರುಚುತ್ತಿದ್ದ ಬ್ಯಾಗ್‌ಪೈಪು ಈಗ ಬೆಟ್ಟದಾಚೆಯಿಂದ ಯಾರೋ ಕರೆದಂತೆ ಕೇಳುತ್ತದೆ. ಪಿಟೀಲು ನಡುನಡುವೆ ಉಸಿರೆಳೆದುಕೊಳ್ಳುತ್ತದೆ. ರೆಕಾರ್ಡಿನ ಇಡೀ ಒಂದು ಮಗ್ಗುಲು ತುಂಬುವ ಆ ಉದ್ದನೆಯ ಹಾಡಿನಲ್ಲಿ ತಾಳ ಏಳೆಣಿಕೆಯಿಂದ ಐದೆಣಿಕೆಗೆ ಹೊರಳುವ ಜಾಗವಿದೆಯಲ್ಲ, ಅಲ್ಲಿ ನಾನು ಕುಣಿಯುವಾಗ ಪ್ರತಿಸಲ ಮುಗ್ಗರಿಸುತ್ತಿದ್ದೆ, ನೀನು ಚಪ್ಪಾಳೆ ತಟ್ಟಿ ನಗುತ್ತಿದ್ದೆ. ಈಗ ಅಲ್ಲಿ ಗಿಟಾರು ಕೈಹಿಡಿದು ದಾಟಿಸುತ್ತದೆ.

ಅಡುಗೆಮನೆಯಲ್ಲಿ ಕುಣಿಯುತ್ತಾ ನಾನು ಎಷ್ಟು ಕರೆದರೂ ನೀನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. "ಈ ಓಟಕ್ಕೆ ನನ್ನ ಕುಂಟುಕಾಲು ಎಲ್ಲಿ ಬರುತ್ತೆ? ನೀನು ಕುಣಿ ಪುಟ್ಟಿ" ಅನ್ನುತ್ತಿದ್ದೆ.

ಸಂಜೆ ಮನೆಗೆ ಬಂದು ಅದೇ ಹಾಡು ಹಾಕಿದೆ. ನಿನ್ನ ಹಾಗೆ ಎಡಗಾಲು ಎಳೆಯುತ್ತಾ, ನಿನ್ನ ಖಾಲಿ ಕುರ್ಚಿಯ ಸುತ್ತ ಕುಣಿದೆ.

ತಾಳ ತಪ್ಪಲಿಲ್ಲ ಅಪ್ಪಾ. ಒಂದು ಸಲವೂ ತಪ್ಪಲಿಲ್ಲ.

ನಿನ್ನ ಪುಟ್ಟಿ