ನಲವತ್ತನೇ ನಿಮಿಷಕ್ಕೆ ಸತ್ತ ಅಪ್ಪ

ಬಾರ್ನ್ಸ್ಲಿ, ಆಗಸ್ಟ್ ೧೯

ಚಿರಂಜೀವಿ ಡಂಕನ್‌ಗೆ ದಿವಂಗತ ತಂದೆಯ ಆಶೀರ್ವಾದಗಳು.

ಎಡಿನ್‌ಬರೋದ ಹಾಸ್ಯೋತ್ಸವದಲ್ಲಿ ನಿನ್ನ ಪ್ರದರ್ಶನ ನೋಡಿ ಬಂದ ಪಕ್ಕದ ಮನೆಯ ಮಾರ್ಲೀನ್, ನಾನು ಬಾಗಿಲು ತೆಗೆದದ್ದೇ ತಡ, ಕೈಯಲ್ಲಿದ್ದ ಹೂಗುಚ್ಛ ಬೀಳಿಸಿದಳು.

"ಅಯ್ಯೋ ಕ್ಲಿಫರ್ಡ್, ನೀವು ತೀರಿಕೊಂಡ್ರಂತಲ್ಲ! ನಾನು ಅಲ್ಲೇ ಗೋಳೋ ಅಂತ ಅತ್ತುಬಿಟ್ಟೆ ಕಣ್ರೀ!"

"ಹಂಗಾದ್ರೆ ಟಿಕೆಟ್ ದುಡ್ಡು ವಾಪಸ್ ಕೇಳು," ಎಂದೆ.

ಮರುದಿನವೇ ರೈಲು ಹತ್ತಿ ಬಂದು ನಿನ್ನ ಪ್ರದರ್ಶನದಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಹದಿನೈದು ವರ್ಷ ಜನರನ್ನು ನಗಿಸಲು ಹೆಣಗಿ ಸೋತವನು, ಈಗ ನಲವತ್ತನೇ ನಿಮಿಷಕ್ಕೆ ಕತೆಯಲ್ಲಿ ಅಪ್ಪನನ್ನು ಕೊಂದು ಅವರನ್ನು ಅಳಿಸುವ ಸುಲಭದ ದಾರಿ ಹಿಡಿದಿದ್ದೀಯ. ವಿಮರ್ಶಕರು ಅದಕ್ಕೆ ಐದು ನಕ್ಷತ್ರ ಕೊಟ್ಟರಂತೆ. ನಾನು ಸತ್ತದ್ದಕ್ಕೆ ನನ್ನ ಆಕ್ಷೇಪವಿಲ್ಲ. ಮಗನ ಕಲೆಗೆ ಅಷ್ಟೂ ಮಾಡದವನು ಎಂಥ ಅಪ್ಪ?

ಆದರೆ ಸಾಯುವಾಗ ನಾನು ನಿನ್ನ ಕೈ ಹಿಡಿದು, "ನಿನ್ನ ಬಗ್ಗೆ ನಂಗೆ ಹೆಮ್ಮೆ ಕಣೋ" ಎಂದೆನಂತೆ. ಆ ಮಾತನ್ನು ದಯವಿಟ್ಟು ತೆಗೆದುಹಾಕು. ನಾನು ಯಾವತ್ತೂ ಹಾಗೆ ಹೇಳಿಲ್ಲ. ವೇದಿಕೆಯ ಮೇಲೆ ಅದನ್ನು ಹೇಳುವಾಗ ನಿನ್ನ ದನಿ ಒಡೆಯಿತು. ಅದು ನಟನೆಯಲ್ಲ, ಅಷ್ಟು ಚೆನ್ನಾಗಿ ನಟಿಸಲು ನಿನಗೆ ಬರುವುದಿಲ್ಲ.

ಭಾನುವಾರ ಊಟಕ್ಕೆ ಬಾ, ಮಟನ್ ರೋಸ್ಟ್ ಮಾಡಿಟ್ಟಿರುತ್ತೇನೆ. ಆ ಹೆಮ್ಮೆಯ ಮಾತು ನನ್ನ ಬಾಯಿಂದ ಹೊರಡುತ್ತದೋ ನೋಡೋಣ.

ಇಂತಿ,
ನಿನ್ನ ಅಪ್ಪ
ಕ್ಲಿಫರ್ಡ್